ತಲೆಗೊಂದು ಮಾತ್ರೆ

ಹುಡುಗಿಯನ್ನು ಇಬ್ಬರು ಎತ್ತಿಕೊಂಡು ಓಡಿಬಂದರು. ತಲೆಯ ಕಡೆ ಹಿಡಿದಿದ್ದವರು ಶಾಲೆಯ ಮೇಷ್ಟ್ರು, ಕಾಲಿನ ಕಡೆ ಪ್ರವಾಸದ ಬಸ್ಸಿನ ಡ್ರೈವರ್. ಐದನೇ ತರಗತಿಯ ಹುಡುಗಿ, ವಯಸ್ಸು ಹತ್ತು. ಕತ್ತು ಹಿಂದಕ್ಕೆ ತಿರುಚಿಕೊಂಡು ಗದ್ದ ಸೂರು ನೋಡುತ್ತಿತ್ತು. ಕಣ್ಣಿನ ಕಪ್ಪುಗುಡ್ಡೆ ರೆಪ್ಪೆಯ ಒಳಗೆ ಹೋಗಿ ಬಿಳಿ ಮಾತ್ರ ಉಳಿದಿತ್ತು. ನಾಲಗೆ ಒಂದು ಪಕ್ಕಕ್ಕೆ ಚಾಚಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಬಲಗೈ ಮುಷ್ಟಿಯಲ್ಲಿ ಬಸ್ಸಿನ ಕೀಲಿ. ದಾರಿಯುದ್ದಕ್ಕೂ ಸ್ಪ್ಯಾನರ್ ಹಿಡಿಸಿದ್ದರಂತೆ, ಬಸ್ಸು ನಿಂತ ಮೇಲೆ ಕೀಲಿ ಕಿತ್ತು ತುರುಕಿದ್ದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕಲ್ಲ, ಅದಕ್ಕೆ.

“ಫಿಟ್ಸು ಮೇಡಂ. ಘಾಟೀಲಿ ಬಂದ್ಬುಡ್ತು. ಮೊದ್ಲಿಂದ್ಲೂ ಇತ್ತೇನೋ, ಮನೇವ್ರು ನಮಗೆ ಏಳಿಲ್ಲ,” ಅಂದರು ಮೇಷ್ಟ್ರು.

ಗುಂಡ್ಲುಪೇಟೆಯ ಹೆದ್ದಾರಿಯ ಪಕ್ಕದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಆಗ ಡ್ಯೂಟಿ ಡಾಕ್ಟರ್. ಚಳಿಗಾಲ ಬಂತೆಂದರೆ ಚಾಮರಾಜನಗರದ ಕಡೆಯ ಶಾಲೆಗಳ ಬಸ್ಸುಗಳು ನಮ್ಮ ಮುಂದೆಯೇ ತಿಂಡಿಗೆ ನಿಂತು, ಬಂಡೀಪುರ ದಾಟಿ ಊಟಿಯ ಘಾಟಿ ಹತ್ತುತ್ತವೆ. ಈ ಬಸ್ಸು ಉಮ್ಮತ್ತೂರಿನ ಕಡೆಯದು. ಘಾಟಿಯ ನಡುವೆ ಹುಡುಗಿಗೆ ಹೀಗಾದ ಮೇಲೆ ವಾಪಸ್ ತಿರುಗಿಸಿ, ದಾರಿಯಲ್ಲಿ ಸಿಕ್ಕ ತಮಿಳುನಾಡಿನ ಆಸ್ಪತ್ರೆಯನ್ನು ಬಿಟ್ಟು, ‘ನಮ್ಮೋರ ಕಡೆಗೇ ಹೋಗನ’ ಎಂದು ಇಷ್ಟು ದೂರ ತಂದಿದ್ದರು. ಕಾಡಿನ ರಸ್ತೆ ಅಷ್ಟುದ್ದ ಆ ಮಗು ಹಾಗೇ ಸೆಟೆದುಕೊಂಡು ಬಂದಿದೆ. ಅದನ್ನು ಕೇಳಿದಾಗಲೇ ನನ್ನ ಪಿತ್ತ ನೆತ್ತಿಗೇರಿತ್ತು.

ಅವಳನ್ನು ಮಗ್ಗುಲಿಗೆ ಮಲಗಿಸಿ, ಮೂಗಿಗೆ ಆಮ್ಲಜನಕ ಕೊಟ್ಟು, ಕೀಲಿ ತೆಗೆದು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಆ ಖಾಲಿ ಮುಷ್ಟಿಯೊಳಗೆ ನನ್ನ ಬೆರಳಿಟ್ಟು, “ನನ್ನ ಮಾತು ಕೇಳಿಸ್ತಾ ಇದ್ರೆ ಅದುಮವ್ವ,” ಅಂದೆ.

ಅದುಮಿದಳು. “ಎರಡು ಸಲ ಅದುಮು,” ಅಂದೆ. ಎರಡು ಸಲ ಅದುಮಿದಳು.

ಈ ಬಗೆಯ ಮೂರ್ಛೆಯಲ್ಲಿ, ಮೈಯೆಲ್ಲ ಸೆಟೆದು ಕಣ್ಣು ಮೇಲೆ ಹೋದಾಗ, ಮನುಷ್ಯನಿಗೆ ಪ್ರಜ್ಞೆ ಇರುವುದಿಲ್ಲ. ಈ ಹುಡುಗಿಗೆ ಪೂರ್ತಿ ಪ್ರಜ್ಞೆ ಇತ್ತು. ಅಂದರೆ ಬಸ್ಸಿನಲ್ಲಿ ಆಡಿದ ಮಾತೆಲ್ಲ ಅವಳಿಗೆ ಕೇಳಿಸಿತ್ತು. ದೂರ ಕೂತ್ಕಳಿ, ಮುಟ್ಬ್ಯಾಡಿ, ನೊರೆ ಬಂದಾತು ಅಂದದ್ದೆಲ್ಲ ಕೇಳಿಸಿತ್ತು. ಬಾಯಿ ಬಿಟ್ಟು ಅಲ್ಲ ಎನ್ನಲು ನಾಲಗೆ ಅವಳ ಕೈಯಲ್ಲಿರಲಿಲ್ಲ.

“ಇವಳಿಗೆ ಏನು ಮಾತ್ರೆ ಕೊಟ್ರಿ?” ಅಂತ ಮೇಷ್ಟ್ರನ್ನು ಕೇಳಿದೆ.

“ಯಾವ ಮಾತ್ರೆನೂ ಕೊಟ್ಟಿಲ್ಲ ಮೇಡಂ.”

ಬಾಗಿಲ ಹತ್ತಿರ ನಿಂತಿದ್ದ ಅವಳ ಜೊತೆಗಾತಿ, ಒಂದೇ ಸೀಟಿನಲ್ಲಿ ಕೂತು ಬಂದವಳು, ಮೆಲ್ಲಗೆ ಅಂದಳು: “ವಾಂತಿ ಮಾತ್ರೆ ಕೊಟ್ರಲ್ಲ ಸಾರ್. ತಿಂಡಿ ತಿಂದ್ಮೇಲೆ ಎಲ್ರಿಗೂ ಒಂದೊಂದು. ಇವ್ಳು ಕಕ್ಕುಬುಟ್ಲು ಅಂತ ಇನ್ನೊಂದು.”

“ಅಯ್ಯೋ, ವಾಂತಿ ಮಾತ್ರೆ ತಾನೆ,” ಅಂದರು ಮೇಷ್ಟ್ರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ವಾಂತಿ ಮಾತ್ರೆ ಮಾತ್ರೆಯೇ ಅಲ್ಲ, ಪೆಪ್ಪರ್‌ಮೆಂಟಿನ ಜಾತಿಗೆ ಸೇರಿದ್ದು.

ಡ್ರೈವರನ್ನು ಓಡಿಸಿ ಸ್ಟ್ರಿಪ್ ತರಿಸಿದೆ. ಅದು ಬಸ್ಸಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ಊದುಬತ್ತಿ ಪೊಟ್ಟಣದ ಪಕ್ಕ. ಮೆಟೊಕ್ಲೋಪ್ರಮೈಡ್, ಹತ್ತು ಮಿಲಿಗ್ರಾಂ, ಬೆಳೆದ ಮನುಷ್ಯನ ಮಾತ್ರೆ. ಪ್ರಯಾಣದ ವಾಂತಿಗೆ ಇದು ಕೆಲಸಕ್ಕೇ ಬಾರದು, ಅದು ಬೇರೆ ವಿಷಯ. ಇದು ಹೊಟ್ಟೆಯಲ್ಲಷ್ಟೇ ಉಳಿಯದೆ ಮಿದುಳಿಗೂ ಹೋಗುತ್ತದೆ, ಕೈಕಾಲು ಕತ್ತುಗಳ ಅಲುಗಾಟವನ್ನು ಹಿಡಿತದಲ್ಲಿಡುವ ಜಾಗಕ್ಕೆ ಕೈ ಹಾಕುತ್ತದೆ. ಅಳತೆ ಮೀರಿದರೆ ಮಕ್ಕಳ ಮೈ ಹೀಗೆ ತಿರುಚಿಕೊಳ್ಳುತ್ತದೆ. ಆದ್ದರಿಂದಲೇ ಮಕ್ಕಳಿಗೆ ಕೊಡುವುದೇ ಅಪರೂಪ, ಕೊಟ್ಟರೆ ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡಬೇಕು.

ಇಷ್ಟು ಹೊತ್ತಿಗೆ ಅವಳ ಗಂಟಲಿನಿಂದ ಗೊರಗೊರ ಸದ್ದು ಶುರುವಾಗಿತ್ತು. ಕತ್ತಿನ ಸ್ನಾಯು ಹಿಡಿದಂತೆ ಧ್ವನಿಪೆಟ್ಟಿಗೆಯೂ ಹಿಡಿದುಕೊಂಡರೆ ಉಸಿರಿಗೆ ದಾರಿ ಇರುವುದಿಲ್ಲ. ಇದಕ್ಕೆ ಮದ್ದು ಇದೆ, ಪ್ರೊಮೆಥಾಜಿನ್ ಇಂಜೆಕ್ಷನ್, ಅದು ನಮ್ಮಲ್ಲೂ ಇತ್ತು. ತಿರುಗಿ ನೋಡಿದರೆ ನರ್ಸ್ ಆಗಲೇ ಸಿರಿಂಜಿಗೆ ತುಂಬಿಸಿ ನಿಂತಿದ್ದಾಳೆ.

“ಎಷ್ಟು ತುಂಬಿದೆ?”

“ಅರ್ಧ ಆಂಪ್ಯೂಲ್ ಮೇಡಂ. ಮಕ್ಳಿಗೆ ಅರ್ಧ ಅಲ್ವಾ?”

ಮೈಯೆಲ್ಲ ಉರಿದುಹೋಯಿತು. ಬಸ್ಸಿನವರಿಗೆ ತಲೆಗೊಂದು, ನಮ್ಮವರಿಗೆ ತಲೆಗರ್ಧ. ಈ ಮದ್ದು ಹೆಚ್ಚಾದರೆ ಮಗು ಮಂಪರಿಗೆ ಹೋಗಿ ಉಸಿರೇ ಮರೆಯಬಹುದು. “ತೂಕ ನೋಡದೆ ಸೂಜಿ ಮುಟ್ಟಿದ್ರೆ ನೋಡು,” ಅಂದೆ. ನರ್ಸಿನ ಮುಖ ಸಣ್ಣಗಾಯಿತು. ಆಗಲಿ ಅಂದುಕೊಂಡೆ.

ವಯಸ್ಸಿನಿಂದ ತೂಕ ಊಹಿಸುವ ಸೂತ್ರ ನಮಗೆಲ್ಲ ಬಾಯಿಪಾಠ. ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸಿದರೆ ಈ ಹುಡುಗಿ ಇಪ್ಪತ್ತೆಂಟು ಕಿಲೋ ಇರಬೇಕು. ಹಾಸಿಗೆಯ ಮೇಲೆ ನೋಡಿದರೆ ಅವಳ ತೊಡೆ ನನ್ನ ತೋಳಿನ ಗಾತ್ರ. ಆ ಸೂತ್ರ ಪುಸ್ತಕದ ಮಕ್ಕಳದ್ದು, ಉಂಡು ಬೆಳೆದವರದ್ದು. ನಮ್ಮ ತೂಕದ ಯಂತ್ರ ಬಿಪಿ ನೋಡುವ ಕೋಣೆಯಲ್ಲಿತ್ತು. ಕೋಣೆಗೆ ಬೀಗ, ಬೀಗದ ಕೈ ಊಟಕ್ಕೆ ಹೋದವರ ಜೇಬಿನಲ್ಲಿ. ಮದುವೆಗೆ ಹೊರಟಾಗ ತಾಳಿ ಮರೆತರಂತೆ, ಹಾಗಿತ್ತು ನಮ್ಮ ಸಂಸಾರ.

ಆಗ ಡ್ರೈವರ್, ಅದೊಂದು ಒಳ್ಳೆಯ ಕೆಲಸ ಮಾಡಿದ, ಎದುರಿನ ತರಕಾರಿ ಮಂಡಿಗೆ ಓಡಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಹೊರಿಸಿಕೊಂಡು ಬಂದ. ಜೊತೆಗೆ ಮಂಡಿಯ ಯಜಮಾನರೂ ಬಂದರು, ತಕ್ಕಡಿ ಬಿಟ್ಟು ಇರುವ ಜೀವ ಅಲ್ಲ ಅದು. ನರ್ಸ್ ಮೊದಲು ಒಬ್ಬಳೇ ನಿಂತಳು. ಆಮೇಲೆ ಹುಡುಗಿಯನ್ನು ಎತ್ತಿಕೊಂಡು ನಿಂತಳು. ಸೆಟೆದ ಮಗುವನ್ನು ಎತ್ತುವುದು ಸುಲಭವಲ್ಲ, ಕತ್ತಿಗೆ ನಾನು ಅಂಗೈ ಕೊಟ್ಟು, ಭಾರ ತಾಕದಂತೆ ಕೈ ಸರಿಸಿದ ಕ್ಷಣದಲ್ಲಿ ಅಂಕಿ ಓದಿದೆವು.

“ಚೀಲದ ತೂಕ ಕಳೀರಿ,” ಅಂದರು ಯಜಮಾನರು ಅಭ್ಯಾಸಬಲದಿಂದ. ಕಳೆದೆವು. ಉಳಿದದ್ದು ಹದಿನೆಂಟು ಕಿಲೋ.

ಅವಳಿಗೆ ಆ ಮಾತ್ರೆ ಕೊಡಲೇಬೇಕಾಗಿದ್ದರೆ ಒಂದು ಸಲಕ್ಕೆ ಕಾಲು ಭಾಗ ಹೆಚ್ಚೆಂದರೆ ಸಾಕಿತ್ತು. ಎರಡು ಪೂರ್ತಿ ಮಾತ್ರೆ ನುಂಗಿಸಿದ್ದರು, ಅದೂ ಒಂದೇ ಬೆಳಗಿನಲ್ಲಿ. ಮೊದಲನೆಯದು ವಾಂತಿಯಲ್ಲಿ ಹೋಯಿತೆಂದು ಅವರ ನಂಬಿಕೆ. ತಿಂಡಿಗೂ ವಾಂತಿಗೂ ನಡುವೆ ಬಂಡೀಪುರದ ಕಾಡು ಪೂರ್ತಿ ಕಳೆದಿತ್ತು. ಅಷ್ಟರಲ್ಲಿ ಮಾತ್ರೆ ರಕ್ತ ಸೇರಿರುತ್ತದೆ, ಹೊರಗೆ ಬಂದದ್ದು ಬರೀ ಇಡ್ಲಿ.

ಇಂಜೆಕ್ಷನ್ ಕಿಲೋಗೆ ಅರ್ಧ ಮಿಲಿಗ್ರಾಂ ಹಿಡಿದರೆ ಅವಳಿಗೆ ಒಂಬತ್ತು. ಆಂಪ್ಯೂಲಿನ ಸೀಸೆಯಲ್ಲಿ ಐವತ್ತು ಇರುತ್ತದೆ. ಸಲೈನ್ ಸೇರಿಸಿ ಒಟ್ಟು ಹತ್ತು ಎಂ.ಎಲ್. ಮಾಡಿ ಎರಡಕ್ಕೆ ಚೂರು ಕಮ್ಮಿ ಎಳೆದುಕೊಂಡೆ, ಉಳಿದದ್ದನ್ನು ಚೆಲ್ಲಿಸಿದೆ, ಅಲ್ಲೇ ಇದ್ದರೆ ಯಾರಾದರೂ ‘ಇನ್ನೊಂಚೂರು ಹಾಕನ’ ಅಂತಾರೆ. ಈ ಮದ್ದು ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸ ಸುಡುತ್ತದೆ. ಅವಳ ಮುಂಗೈ ನಾಳ ದಾರದಷ್ಟು ಸಣ್ಣದು. ಸೂಜಿ ಸರಿಯಾಗಿ ಕೂತಿದೆಯೆಂದು ಬರೀ ಸಲೈನ್ ಬಿಟ್ಟು ಖಾತ್ರಿ ಮಾಡಿಕೊಂಡು, ಆಮೇಲೆ ನಿಧಾನವಾಗಿ ತಳ್ಳಿದೆ. ನನ್ನ ಕೋಪವೆಲ್ಲ ಹೆಬ್ಬೆರಳಿಗೆ ಇಳಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಮೊದಲು ನಾಲಗೆ ಒಳಗೆ ಹೋಯಿತು. ಆಮೇಲೆ ಗಂಟಲ ಸದ್ದು ಕಮ್ಮಿಯಾಯಿತು. ಕಪ್ಪುಗುಡ್ಡೆ ಮೆಲ್ಲಗೆ ಕೆಳಗಿಳಿದು ನನ್ನ ಮುಖದ ಮೇಲೆ ಬಂದು ನಿಂತಿತು. ನರ್ಸ್ ಗೋಡೆಗೆ ಒರಗಿ ಉಸಿರು ಬಿಟ್ಟಳು. ಹುಡುಗಿ ನೀರು ಕೇಳಲಿಲ್ಲ, ಅವ್ವನನ್ನು ಕೇಳಲಿಲ್ಲ.

“ಡಾಕ್ಟ್ರಮ್ಮ, ನಂಗೆ ಮೂರ್ಛೆ ರೋಗನಾ?”

“ಅಲ್ಲ. ಯಾರು ಹೇಳಿದ್ದು?”

“ಎಲ್ರೂ. ನಮ್ ಬೀದೀಲಿ ಒಬ್ಬಕ್ಕ ಅವ್ಳೆ, ಮೂರ್ಛೆ ಬತ್ತದೆ. ಅವ್ಳ ಜತೆ ಯಾರೂ ಕೂತ್ಕಳಕಿಲ್ಲ. ಸ್ಕೂಲು ಬುಡಿಸ್ಬುಟ್ರು.”

ಮೂರ್ಛೆ ರೋಗವೇನೂ ಪಾಪವಲ್ಲ, ಮದ್ದಿಗೆ ಬಗ್ಗುವ ಕಾಯಿಲೆ. ಆ ಅಕ್ಕನನ್ನು ಶಾಲೆ ಬಿಡಿಸಿದವರ ಮೇಲೆ ನನ್ನ ಜಗಳ ಬೇರೆ ಇದೆ. ಆದರೆ ಈ ಮಗುವಿಗೆ ಆ ಕಾಯಿಲೆಯೂ ಇಲ್ಲ. ಇಲ್ಲದ ಕಾಯಿಲೆಯ ಹೆಸರು ಒಮ್ಮೆ ಅಂಟಿದರೆ ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ನಾನು ಅದೇ ಸೀಮೆಯ ಕುದೇರಿನಲ್ಲಿ ಬೆಳೆದವಳು, ಊರ ಬಾಯಿ ಏನೆಂದು ಗೊತ್ತು. ಹೊರಗೆ ಬಸ್ಸಿನ ತುಂಬ ಮಕ್ಕಳು, ಸಂಜೆಗೆ ಅಷ್ಟೂ ಬಾಯಿ ಊರು ಸೇರುತ್ತವೆ.

ಕಾರಿಡಾರಿಗೆ ಬಂದರೆ ಮೇಷ್ಟ್ರು ಆಗಷ್ಟೇ ಫೋನ್ ಇಟ್ಟಿದ್ದರು. ಹುಡುಗಿಯ ಅಪ್ಪನಿಗೆ ಮೊದಲೇ ಹೇಳಿಯಾಗಿತ್ತು, ನಿಮ್ಮ ಮಗಳಿಗೆ ಮೂರ್ಛೆ ಬಂದಿದೆ, ಬನ್ನಿ ಅಂತ. ಈಗ ಶಾಲೆಗೂ ಅದನ್ನೇ ಹೇಳಿದ್ದರು.

“ಇದು ಮೂರ್ಛೆ ಅಲ್ಲ ಮೇಷ್ಟ್ರೇ. ನೀವು ಕೊಟ್ಟ ಮಾತ್ರೆ.”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಹುಡುಗಿ ಉಸಾರಾದ್ಲಲ್ಲ ಮೇಡಂ. ಚೀಟಿ ಮೇಲೆ ಫಿಟ್ಸ್ ಅಂತ್ಲೇ ಬರೆದ್ಬುಡಿ. ನಿಮಗೇನು ನಷ್ಟ? ನನ್ನ ಕೆಲ್ಸ ಓಯ್ತದೆ.”

ನನಗೇನು ನಷ್ಟ. ನನ್ನ ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಬರೆಯಬಹುದಾದಷ್ಟು ಇಷ್ಟು: ನಿಮ್ಮ ಕೆಲಸ ಉಳಿಸಿಕೊಳ್ಳೋಕೆ ಹದಿನೆಂಟು ಕಿಲೋ ಮಗೂನ ತಲೆ ಮೇಲೆ ಜನ್ಮಕ್ಕಾಗುವಷ್ಟು ಹೊರಿಸ್ತೀರಾ ಅಂದೆ. ನಾಳೆ ಇನ್ನೊಬ್ಬ ಡಾಕ್ಟರು ಆ ಚೀಟಿ ನೋಡಿ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿಸುತ್ತಾನೆ ಅಂದೆ. ನೀವು ಮೇಷ್ಟ್ರಾ ಅಂತಲೂ ಕೇಳಿದೆ.

ಮೇಷ್ಟ್ರಿಗೂ ರೇಗಿತು. “ನೀವೇ ಕಲಿಸಿದ್ದು ಮೇಡಂ,” ಅಂದರು. “ಜಂತುಹುಳದ ಮಾತ್ರೆ ಕೊಡೋಕೆ ನಿಮ್ ಡಾಕ್ಟ್ರುಗಳೇ ಬಂದು ಟ್ರೈನಿಂಗ್ ಕೊಟ್ಟವ್ರೆ. ಚಿಕ್ಕೋರು ದೊಡ್ಡೋರು ಅಂತ ನೋಡ್ಬೇಡಿ, ತಲೆಗೊಂದು. ಸಾಲಾಗಿ ನಿಲ್ಸಿ, ಎದುರಿಗೇ ನುಂಗ್ಸಿ, ಬಾಯಿ ತೆಗೆಸಿ ನಾಲ್ಗೆ ಕೆಳಗೆ ನೋಡಿ ಅಂತ. ಇವತ್ತೂ ಹಂಗೇ ಮಾಡ್ದೆ, ಒಬ್ರನ್ನೂ ಬುಡ್ದಂಗೆ. ತೂಕ ನೋಡ್ಬೇಕು ಅಂತ ನಮಗೆ ಯಾವತ್ತು ಏಳಿದ್ರಿ?”

ಜಂತುಹುಳದ ಮಾತ್ರೆ ಬಹುಪಾಲು ಕರುಳಿನಲ್ಲೇ ಕೆಲಸ ಮುಗಿಸಿ ಹೋಗುತ್ತದೆ, ಶಾಲೆಯ ಮಕ್ಕಳಿಗೆಲ್ಲ ಒಂದೇ ಅಳತೆ ನಡೆಯುತ್ತದೆ. ಇದು ಹಾಗಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಲ್ಲ ಎಂಬುದು ನಿಜ. ಸಾಲು ನಿಲ್ಲಿಸುವುದು ಕಲಿಸಿದೆವು, ಬಾಯಿ ತೆಗೆಸುವುದು ಕಲಿಸಿದೆವು, ಯಾಕೆ ಎಂಬುದನ್ನು ಕಲಿಸಲಿಲ್ಲ. ಅವರ ಮೇಲಿದ್ದ ಕೋಪ ಒಂದಿಷ್ಟು ನಮ್ಮ ಪೈಕಿಯವರ ಮೇಲೆ ತಿರುಗಿತು. ಕಮ್ಮಿಯೇನೂ ಆಗಲಿಲ್ಲ.

“ಗೊತ್ತಿಲ್ದೆ ಕೊಟ್ಟಿದ್ದು ಒಂದು,” ಅಂದೆ. “ಗೊತ್ತಾದ್ಮೇಲೂ ಮೂರ್ಛೆ ಅನ್ನೋದು ಇನ್ನೊಂದು.”

ಅಷ್ಟರಲ್ಲಿ ಡ್ರೈವರ್ ಬಂದು ಕೀಲಿ ಕೇಳಿದ. ಸಂಜೆಗೆ ಸಂತೆಮರಹಳ್ಳಿಯಿಂದ ಬೀಗರೂಟದವರನ್ನು ಹತ್ತಿಸಿಕೊಳ್ಳಬೇಕಂತೆ. ಆ ಸ್ಟ್ರಿಪ್ ಯಾಕೆ ಇಟ್ಟುಕೊಂಡಿದ್ದೀಯ ಅಂದರೆ, “ಅಷ್ಟು ಮಕ್ಳೂ ಕಕ್ಕಂಡ್ರೆ ಸೀಟ್ ತೊಳೆಯೋರ್ಯಾರು ಮೇಡಂ? ಮೆಡಿಕಲ್ಲಲ್ಲಿ ಕೇಳಿದ್ರೆ ಸುಮ್ನೆ ಕೊಡ್ತರೆ. ಎಲ್ಲಾ ಟ್ರಿಪ್ಪಿಗೂ ಕೊಡ್ತೀವಿ, ಯಾರ್ಗೂ ಏನೂ ಆಗಿಲ್ಲ,” ಅಂದ. ಅವನ ಸೀಟು ಮಕ್ಕಳ ಮಿದುಳಿಗಿಂತ ದುಬಾರಿ.

ಆಗ ನಿರ್ಧಾರ ಮಾಡಿದೆ. ಕೀಲಿ ಕೊಡುವುದಿಲ್ಲ. ಆ ಮಾತ್ರೆ ನುಂಗಿದ ಮಕ್ಕಳನ್ನೆಲ್ಲ ನಾನು ನೋಡಬೇಕು, ಅದು ವೈದ್ಯಳಾಗಿ ನನ್ನ ಕೆಲಸ. ಆ ಮಕ್ಕಳು ಇಲ್ಲಿಂದ ಹೋಗುವ ಮುಂಚೆ ನಿಜ ಕೇಳಿಸಿಕೊಂಡು ಹೋಗಬೇಕು, ಅದು ಯಾರ ಕೆಲಸವೆಂದು ಗೊತ್ತಿಲ್ಲ, ಅದನ್ನೂ ಮಾಡಿಯೇ ಬಿಡುತ್ತೇನೆ ಅಂದುಕೊಂಡೆ. ನಮ್ಮ ಮ್ಯಾನೇಜರ್ ಹೊರಗೆ ಬಂದು, ಇಷ್ಟು ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿದರೆ ಜನ ಏನಂದಾರು ಅಂದರು. ಅನ್ನಲಿ ಅಂದೆ.

ತಕ್ಕಡಿಯನ್ನು ಅಂಗಳಕ್ಕೆ ತಂದೆವು. ಮಕ್ಕಳು ಒಬ್ಬೊಬ್ಬರೇ ಹತ್ತಿದರು, ನರ್ಸ್ ಅಂಕಿ ಕೂಗಿದಳು, ನಾನು ಪ್ರತಿಯೊಬ್ಬರ ದವಡೆ, ಕತ್ತು, ಕಣ್ಣು ನೋಡಿದೆ. ಒಬ್ಬ ಹುಡುಗನ ದವಡೆ ಬಿಗಿದಿತ್ತು, ಒಬ್ಬಳು ನಿಂತಲ್ಲಿ ನಿಲ್ಲಲಾರದೆ ಕಾಲು ಕುಣಿಸುತ್ತಿದ್ದಳು. ಇಬ್ಬರೂ ಸಣ್ಣ ಮೈಯವರೇ. ಅವರಿಗೂ ತೂಕ ನೋಡಿ ಮದ್ದು ಕೊಟ್ಟು ಒಳಗೆ ಕೂರಿಸಿದೆ. “ಬಸ್ಸಲ್ಲಿ ಯಾಕೆ ಹೇಳ್ಲಿಲ್ಲ?” ಅಂದರೆ ಆ ಹುಡುಗ ಹಲ್ಲು ಕಚ್ಚಿಕೊಂಡೇ, “ನಂಗೂ ಮೂರ್ಛೆ ಅಂತರೆ ಅಂತ,” ಅಂದ.

ಏಳನೇ ತರಗತಿಯ ಒಬ್ಬ ಹತ್ತಿದಾಗ ಅಂಕಿ ನಲವತ್ತಾರಕ್ಕೆ ಹೋಯಿತು. ಮಕ್ಕಳೆಲ್ಲ ನಕ್ಕರು. ಮಂಡಿಯ ಯಜಮಾನರು, “ಒಳ್ಳೆ ಮಾಲು,” ಅಂದರು. ನಾನು ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಕೇಳಿದೆ: “ಒಳಗೆ ಮಲಗಿದಾಳಲ್ಲ, ಅವಳಿಗೆ ಇವನ ಅಂಗಿ ಹಾಕಿದ್ರೆ ಏನಾಗುತ್ತೆ?”

“ನೆಲ ಗುಡಿಸ್ತದೆ,” ಅಂದರು ಮಕ್ಕಳು.

“ಹಾಗಾದ್ರೆ ಇವನ ಮಾತ್ರೆ ಅವಳಿಗೆ ಕೊಟ್ರೆ? ಅದೂ ಎರಡು?”

ನಗು ನಿಂತಿತು. ಮುಂದಿನ ಮಾತು ನಾನು ಆಡಲಿಲ್ಲ. ಮೇಷ್ಟ್ರ ಕಡೆ ತಿರುಗಿ, “ನೀವು ಹೇಳಿ,” ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಕೀಲಿ ನನ್ನ ಜೇಬಿನಲ್ಲಿತ್ತು, ನನಗೆ ಅವಸರ ಇರಲಿಲ್ಲ.

“ಅವಳಿಗೆ ಬಂದದ್ದು ಮೂರ್ಛೆ ಅಲ್ಲ,” ಅಂದರು ಕೊನೆಗೆ, ಪಾಠ ಒಪ್ಪಿಸುವ ದನಿಯಲ್ಲಿ. “ನಾನು ಕೊಟ್ಟ ಮಾತ್ರೆ ಜಾಸ್ತಿ ಆಯ್ತು. ಊರಲ್ಲಿ ಯಾರಾದ್ರೂ ಕೇಳಿದ್ರೆ ಇದನ್ನೇ ಏಳಿ.”

“ಜಾಸ್ತಿ ಅಂತ ನಿಮಗೆ ಗೊತ್ತಿರ್ಲಿಲ್ವಾ ಸಾರ್?” ಅಂದಳು ಆ ಜೊತೆಗಾತಿ. ಮೇಷ್ಟ್ರು ಇಲ್ಲ ಅಂದರು. ಇಲ್ಲ ಎನ್ನುವ ಮೇಷ್ಟ್ರನ್ನು ಆ ಮಕ್ಕಳು ಮೊದಲ ಸಲ ನೋಡಿದ್ದಿರಬೇಕು.

ಹುಡುಗಿಯ ಅಪ್ಪ ಬಂದಾಗ ಬಿಸಿಲು ಇಳಿದಿತ್ತು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಯಾರದೋ ಹೊಲದಲ್ಲಿ ಅರಿಸಿನ ಕೀಳುತ್ತಿದ್ದವರು ಹಾಗೇ ಎದ್ದು ಬಂದದ್ದು, ಉಗುರಿನ ತುಂಬ ಮಣ್ಣು. ಅವರು ಮಗಳನ್ನು ನೋಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

“ಮೂರ್ಛೆ ಅಂತ ಯಾರ್ಗೂ ಏಳ್ಬ್ಯಾಡಿ ಮೇಡಂ. ಹೆಣ್ಮಗ. ನಾಳಿಂದ ಸ್ಕೂಲಿಗೆ ಕಳ್ಸಕಿಲ್ಲ, ಮನೇಲೇ ಮಡೀಕತೀನಿ. ಗುಟ್ಟಾಗಿ ಮದ್ದು ಕೊಡ್ಸನ.”

“ಮೂರ್ಛೆ ಇಲ್ಲ ಕಣಪ್ಪ,” ಅಂದೆ. ಮಾತ್ರೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ತೂಕ ಹೇಳಿದೆ, ಅವಳಿಗೆ ಎಷ್ಟು ಕೊಟ್ಟರು ಹೇಳಿದೆ. ಮದ್ದಿನ ಗುಣ ಇಳಿದಾಗ ಇನ್ನೊಮ್ಮೆ ಹಿಡಿದುಕೊಳ್ಳಬಹುದು, ಅದಕ್ಕೆ ನಾಳೆಯವರೆಗೆ ಇಲ್ಲೇ ಇರಲಿ, ಆಮೇಲೆ ಅವಳು ಎಲ್ಲರಂಥ ಹುಡುಗಿ ಅಂದೆ. ಅವರು ನಂಬಲಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು. ಆದ್ದರಿಂದ ಮೇಷ್ಟ್ರನ್ನು ಕರೆದು ಮಂಚದ ಪಕ್ಕ ನಿಲ್ಲಿಸಿ ಮತ್ತೆ ಹೇಳಿಸಿದೆ.

ಅಪ್ಪ ಪೂರ್ತಿ ಕೇಳಿಸಿಕೊಂಡರು. “ಮಾತ್ರೇನಾ? ಬರೀ ಮಾತ್ರೇನಾ ಸಾ?” ಅಂದರು. ಅವರು ಈಗ ಮೇಷ್ಟ್ರ ಕೊರಳಪಟ್ಟಿ ಹಿಡಿಯುತ್ತಾರೆ ಅಂದುಕೊಂಡೆ. ಹಿಡಿಯಲಿ ಅಂತಲೇ ಕಾದೆ. ಅವರು ಎರಡೂ ಕೈಯಿಂದ ಮೇಷ್ಟ್ರ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು.

“ದೇವರಂಗೆ ಏಳಿದ್ರಿ ಸಾ. ನನ್ ಮಗ ಉಳ್ಕತು. ನಿಮ್ ರುಣ ತೀರ್ಸಕ್ಕಾಗಕಿಲ್ಲ.”

ಬೆಳಗಿನಿಂದ ಬಂದ ಕೋಪಗಳಲ್ಲೆಲ್ಲ ಅದು ದೊಡ್ಡದು. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಮಗಳ ಕತ್ತು ತಿರುಚಿಸಿದ ಕೈಗೆ ಅಪ್ಪ ಕೈ ಮುಗಿಯುತ್ತಿದ್ದಾನೆ. ಮೇಷ್ಟ್ರು, “ಇರ್ಲಿ ಬುಡಪ್ಪ,” ಅನ್ನುತ್ತಿದ್ದಾರೆ, ಏನೋ ಉಪಕಾರ ಮಾಡಿದವರ ಹಾಗೆ.

“ನಾನು ಬ್ಯಾಡ ಅಂದೆ ಕಣಪ್ಪ.”

ಮಂಚದ ಮೇಲಿನ ದನಿ. ನಾಲಗೆ ಇನ್ನೂ ದಪ್ಪಗಿತ್ತು. “ಎರಡ್ನೇದು ಬ್ಯಾಡ ಸಾ, ತಲೆ ಒಂಥರಾ ಆಯ್ತದೆ ಅಂದೆ. ಬಾಯಿ ತೆಗಿ ಅಂದ್ರು.”

ಅಪ್ಪ ಗಾಬರಿಯಿಂದ ತಿರುಗಿದರು. “ಸುಮ್ಕಿರು ಕಣಮ್ಮಿ. ಮೇಷ್ಟ್ರು ಎದ್ರುಗೆ ಹಂಗೆಲ್ಲ ಮಾತಾಡ್ಬಾರ್ದು.”

ನಾನು ಮಂಚದ ತಲೆಯ ಕಡೆಯ ಹಿಡಿ ತಿರುಗಿಸಿ ಅವಳನ್ನು ಎತ್ತರಿಸಿ ಕೂರಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ.

“ಇನ್ನೊಂದ್ಸಲ ಹೇಳವ್ವ,” ಅಂದೆ.

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೇಷ್ಟ್ರ ಮುಖ ನೋಡಿಕೊಂಡು ಹೇಳಿದಳು.